ಆಟಿಯ ದಿನಗಳಲ್ಲಿ ಮೈಮನಸ್ಸುಗಳಿಗೆ ಹಿತವಾದ ನಿತ್ಯಾಹಾರ

ಬೆಳ್ತಂಗಡಿ ತಾಲೂಕಿನಲ್ಲಿ ಅಜಿಲ ಅರಸರ ಅರಮನೆಯಿರುವ ಅಳದಂಗಡಿಯೂ ಅದರ ನೆರೆಯ ಗ್ರಾಮಗಳೂ ಆಟಿ ತಿಂಗಳಿನಲ್ಲಿ, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಎಡೆಬಿಡದ ಮಳೆಯಲ್ಲಿ ನೆನೆಯುತ್ತಿರುವುದು ವಾಚಕರೆಲ್ಲರಿಗೂ ವಿದಿತವೇ ಆಗಿದೆ. ಅಡಕೆಗೆ ಕೊಳೆರೋಗ ತಗಲುವುದೂ ಇದೇ ಕಾಲದಲ್ಲಿ. ಮೈಲುತುತ್ತ ಸುಣ್ಣಗಳ ದ್ರಾವಣವನ್ನು ಸಿಂಪಡಿಸಲು ಒಂದು ಹೊತ್ತಿನ ಬಿಸಿಲೂ ದೊರೆಯದೆ, ಕೆಳಗೆ ಬಿದ್ದ ಎಳೆಗಾಯಿಗಳನ್ನು ಎಣಿಸುತ್ತ ರಾತ್ರಿಯೆಲ್ಲ ನಿದ್ದೆಗೆಡುವ ಯಜಮಾನರು ಎಷ್ಟೋ ಮಂದಿ. ಚಿಂತೆಯನ್ನು ಅನ್ನವು ಪರಿಹರಿಸಲಾರದು. ಆದರೆ ಪೋಷಣೆಯಿಲ್ಲದ ದೇಹವು ಚಿಂತೆಯನ್ನು ತಾಳಲಾರದೆಂಬುದು ನಿಶ್ಚಯ. ಆದುದರಿಂದ ಮನೆಯಲ್ಲಿಯೇ ದೊರೆಯುವ ಕೆಲವು ಪದಾರ್ಥಗಳನ್ನು ಕುರಿತು ಇಲ್ಲಿ ವಿವರಿಸಲಾಗಿದೆ.

ಮೊದಲನೆಯದು ಕುಚ್ಚಲಕ್ಕಿಯ ಗಂಜಿ. ಹತ್ತೊಂಬತ್ತನೆಯ ಶತಮಾನದ ಕಡೆಯ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಐಕ್‌ಮನ್ ಎಂಬ ಡಚ್ ವೈದ್ಯನು, ತೌಡು ತೆಗೆದ ಬಿಳಿ ಅಕ್ಕಿಯನ್ನೇ ತಿಂದ ಕೋಳಿಗಳು ಕಾಲುಸೋತು ಬೀಳುವುದನ್ನೂ ತೌಡು ಕೊಟ್ಟೊಡನೆ ಚೇತರಿಸುವುದನ್ನೂ ಕಂಡನು. ಈ ಶೋಧನೆಗೆ 1929ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕವು ಸಂದಿತು. ತೌಡಿನಲ್ಲಿದ್ದುದು ಥಯಮಿನ್ ಎಂಬ ಜೀವಸತ್ವ. ಅದು ಕಡಿಮೆಯಾದಲ್ಲಿ ಮೊದಲು ಕಾಣುವ ಲಕ್ಷಣಗಳೆಂದರೆ ಆಯಾಸ, ಹಸಿವಿಲ್ಲದಿರುವಿಕೆ ಮತ್ತು ಕಾರಣವಿಲ್ಲದ ಸಿಡುಕು. ಭತ್ತವನ್ನು ನೆನೆಸಿ ಬೇಯಿಸಿ ಒಣಗಿಸುವಾಗ ಈ ಸತ್ವವು ತೌಡಿನಿಂದ ಕಾಳಿನೊಳಕ್ಕೆ ಇಳಿಯುವುದರಿಂದ, ಬೆಳ್ತಿಗೆ ಅಕ್ಕಿಗಿಂತ ಕುಚ್ಚಲಕ್ಕಿಯಲ್ಲಿ ಅದು ಹೆಚ್ಚು ಉಳಿಯುತ್ತದೆ. ಗಿರಣಿಯವನಿಗೆ ಅಕ್ಕಿಯನ್ನು ಬಹಳ ಬೆಳ್ಳಗೆ ಮಾಡಬಾರದೆಂದು ತಿಳಿಸತಕ್ಕುದು. ಈ ಸತ್ವವು ನೀರಿನಲ್ಲಿ ಕರಗುವುದು. ಅನ್ನದ ತಿಳಿಯನ್ನು ಬಸಿದು ಅಕ್ಕಚ್ಚಿನ ಪಾತ್ರೆಗೆ ಸುರಿದರೆ ದನಕ್ಕೆ ಲಾಭ, ಮನೆಯವರಿಗೆ ನಷ್ಟ. ತಿಳಿಯೊಡನೆಯೇ ಗಂಜಿಯನ್ನು ಉಣ್ಣುವ ಹಿರಿಯರ ಪದ್ಧತಿಯು ಸರ್ವಥಾ ಯುಕ್ತವಾದುದು.

ಗಂಜಿಯ ಜೊತೆಗೆ ಬರಿಯ ಉಪ್ಪಿನಕಾಯಿ ಸಾಲದು. ಹುರುಳಿಯಲ್ಲಿ ನೂರಕ್ಕೆ ಸುಮಾರು 22 ಪಾಲು ಸಸಾರಜನಕವಿದೆ. ಅದರ ಚಟ್ನಿಯಾಗಲಿ ಸಾರಾಗಲಿ ಹೊಟ್ಟೆಯಲ್ಲಿ ಬಹಳ ಹೊತ್ತು ನಿಂತು ದುಡಿಮೆಗೆ ಒದಗುತ್ತದೆ. ಮೀನು ಉಣ್ಣುವವರಿಗೆ ಬೂತಾಯಿಯ ಎಣ್ಣೆಯು ಮಿದುಳಿಗೂ ನರಗಳಿಗೂ ಬೇಕಾದ ಕೊಬ್ಬನ್ನು ಒದಗಿಸುವುದು. ಆದರೆ ಜೂನ್ ಜುಲೈಗಳಲ್ಲಿ ಯಾಂತ್ರಿಕ ದೋಣಿಗಳಿಗೆ ಕಡಲು ನಿಷಿದ್ಧವಾದುದರಿಂದ ತಾಜಾ ಮೀನು ಆಗ ದುರ್ಲಭ. ಬೇಸಿಗೆಯಲ್ಲಿ ಉಪ್ಪಿನಲ್ಲಿ ಬೇಯಿಸಿ ಒಣಗಿಸಿಟ್ಟ ಹಲಸಿನ ಬೀಜದ ಸಾಂತಾಣಿಯನ್ನು ಮಕ್ಕಳು ಪೇಟೆಯ ಬಿಸ್ಕತ್ತಿಗಾಗಿ ಮರೆಯುತ್ತಿರುವುದು ವ್ಯಸನಕರ.

ಇನ್ನು ಸೊಪ್ಪುಗಳು. ಮಳೆ ಬಿದ್ದೊಡನೆ ತಾನಾಗಿ ಮೊಳೆಯುವ ಚಗಟೆ, ತುಳುವಿನಲ್ಲಿ ತಜಂಕ್, ಎಳೆಯದಾಗಿರುವಾಗಲೇ ಕೊಯ್ದು ಹಲಸಿನ ಬೀಜದೊಡನೆ ಪಲ್ಯ ಮಾಡಿದರೆ ಸ್ವಾದಿಷ್ಟ. ಸೊಪ್ಪಿನ ಕಬ್ಬಿಣವು ರಕ್ತಕ್ಕೆ ಸೇರಬೇಕಾದರೆ ನಿಂಬೆಯ ಹುಳಿಯನ್ನು ಹಿಂಡಬೇಕು. ಊಟದೊಡನೆ ಚಹಾ ಕುಡಿಯಬಾರದು, ಚಹಾದ ಒಗರು ಕಬ್ಬಿಣವನ್ನು ತಡೆಯುತ್ತದೆ. ಹೆಂಗಸರಲ್ಲಿ ಕಾಣುವ ಏದುಸಿರು, ಬಳಲಿಕೆ, ಉತ್ಸಾಹಹೀನತೆಗಳಿಗೆ ಬಹಳ ಕಡೆ ರಕ್ತಹೀನತೆಯೇ ಮೂಲವೆಂಬುದನ್ನು ಯಜಮಾನರು ಅರಿತಿರಬೇಕು. ಸೋಮಾರಿತನವೆಂದು ಗದರುವುದು ಅನ್ಯಾಯ. ಸಂಜೆಯ ಚಹಾ ಕಾಫಿಗಳ ಪ್ರಭಾವವು ಹಲವು ಗಂಟೆ ನಿಲ್ಲುವುದರಿಂದ ನಿದ್ದೆ ಬಾರದವರು ಮಧ್ಯಾಹ್ನದ ಮೇಲೆ ಅವನ್ನು ಬಿಟ್ಟು ಮಜ್ಜಿಗೆಯನ್ನೋ ಜೀರಿಗೆ ಕಷಾಯವನ್ನೋ ಕುಡಿಯಲಿ.

ಒಂದೆಲಗ, ಎಂದರೆ ತಿಮರೆಯು, ಬುದ್ಧಿಗೂ ಮನಶ್ಶಾಂತಿಗೂ ಒಳ್ಳೆಯದೆಂದು ಪ್ರಸಿದ್ಧಿಯಿದೆ. ಇದರ ಮೇಲೆ ನಡೆದ ಪರೀಕ್ಷೆಗಳು ಸಣ್ಣವು. ಸಿದ್ಧೌಷಧವೆಂದು ಸಾರಲು ಅವು ಸಾಲವು. ಆದರೂ ತೆಂಗಿನಕಾಯಿ, ಜೀರಿಗೆ, ಮಜ್ಜಿಗೆ ಸೇರಿಸಿದ ಅದರ ತಂಬುಳಿಯು ಅನ್ನವನ್ನು ರುಚಿಸುವಂತೆ ಮಾಡುವುದರಲ್ಲಿ ಸಂಶಯವಿಲ್ಲ. ಗದ್ದೆಯ ಹುಣಿಯಲ್ಲಿಯೂ ತೋಟದ ತೋಡಿನ ಬದಿಯಲ್ಲಿಯೂ ಅದು ಹಬ್ಬುತ್ತದೆ. ಇಲ್ಲಿ ಭೂಮಾಲೀಕರಿಗೆ ಒಂದು ಮಾತು. ಕಳೆನಾಶಕವನ್ನು ಸಿಂಪಡಿಸಿದ ತೋಟದಲ್ಲಿ ತಿಮರೆಯೂ ಚಗಟೆಯೂ ಅಳಿಯುತ್ತವೆ. ಅಳಿಯದೆ ಉಳಿದುದನ್ನು ಅರಿಯದ ಕೂಲಿಯವಳು ಕೊಯ್ದು ಅಡುಗೆಗೆ ಒಯ್ಯುತ್ತಾಳೆ. ಬಾವಿಯ ಬಳಿಯಲ್ಲಿ ನಾಲ್ಕು ಮಾರು ನೆಲವನ್ನಾದರೂ ಕತ್ತಿಯಿಂದಲೇ ಸವರಿ, ಸೊಪ್ಪಿಗೆಂದು ಬಿಡತಕ್ಕುದು. ಸಿಂಪಡಿಸಿದ ಕಡೆ ಗುರುತಿನ ಕೋಲು ನೆಡತಕ್ಕುದು.

ಆಟಿ ಅಮಾವಾಸ್ಯೆಯಂದು ನಸುಕಿನಲ್ಲಿ ಹಾಲೆಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಕರಿಮೆಣಸು ಬೆಳ್ಳುಳ್ಳಿಗಳೊಡನೆ ಕಷಾಯ ಮಾಡಿ ಕುಡಿಯುವುದೂ, ಮೇಲೆ ಮೆಂತೆಯ ಗಂಜಿ ಉಣ್ಣುವುದೂ ಈ ಸೀಮೆಯ ಆಚಾರ. ಕತ್ತಲಲ್ಲಿ ಮರವನ್ನು ತಪ್ಪಿ ಗುರುತಿಸುವುದು ಪ್ರಾಣಾಪಾಯಕರ. ಕಾಸರಕನ ತೊಗಟೆಯಲ್ಲಿ ತೀವ್ರ ವಿಷವಿದೆ. ಗ್ರಾಮದ ಮುಖ್ಯಸ್ಥರು ಹಿಂದಿನ ದಿನ ಹಗಲಿನಲ್ಲಿಯೇ, ಬಲ್ಲ ಹಿರಿಯರಿಂದ ಮರವನ್ನು ಗುರುತಿಸಿ ಹಗ್ಗ ಕಟ್ಟಿಸಲಿ. ಬಸುರಿಯರಿಗೂ ಎಳೆಮಕ್ಕಳಿಗೂ ಆ ಕಷಾಯವನ್ನು ಕೊಡದಿರುವುದೇ ಲೇಸು.

ಎರಡು ವಾರಗಳಾದರೂ ನಿದ್ದೆ ಬಾರದೆ, ಅನ್ನ ಸೇರದೆ, ಜೀವ ಬೇಡವೆಂದು ಆಡುವವನಿಗೆ ಗಂಜಿ ತಂಬುಳಿಗಳಷ್ಟೇ ಸಾಲವು. ಅಂಥವನನ್ನು ಒಂಟಿಯಾಗಿ ಬಿಡದೆ ಬೆಳ್ತಂಗಡಿಯ ತಾಲೂಕು ಆಸ್ಪತ್ರೆಗೆ ಕರೆದೊಯ್ಯತಕ್ಕುದು. 2022ರಲ್ಲಿ ಸರಕಾರವು ಆರಂಭಿಸಿದ ಟೆಲಿ ಮಾನಸ್ ದೂರವಾಣಿಗೆ, 14416 ಸಂಖ್ಯೆಯಲ್ಲಿ, ಹಗಲಿರುಳು ಯಾವ ವೆಚ್ಚವೂ ಇಲ್ಲದೆ ಕನ್ನಡದಲ್ಲಿಯೇ ಮಾತನಾಡಬಹುದು.