ಸಣ್ಣ ಕೋಣೆಯಲ್ಲಿ ದೊಡ್ಡ ನಗೆ

ಒಂದೇ ಹಾಸ್ಯದ ಮಾತು ಒಂದು ಸಭೆಯಲ್ಲಿ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತದೆ. ಇನ್ನೊಂದು ಸಭೆಯಲ್ಲಿ ಅದೇ ಬಾಯಿಂದ ಬಂದರೂ ಸಪ್ಪೆಯಾಗಿಬಿಡುತ್ತದೆ. ಇದಕ್ಕೆ ಹೇಳುವವನ ಜಾಣ್ಮೆಯೊಂದೇ ಕಾರಣವೆ? ಅಲ್ಲ. ಕೇಳುವವರ ಸಂಖ್ಯೆ, ಅವರು ಕುಳಿತಿರುವ ರೀತಿ, ಕೋಣೆಯ ಅಳತೆ ಇವುಗಳಿಗೂ ಇದರಲ್ಲಿ ಪಾಲುಂಟು.

ಎದುರಿಗಿರುವವರನ್ನು ನಗಿಸುವ ಕಲೆ ನಮ್ಮ ನಾಡಿಗೆ ಹೊಸದಲ್ಲ. ಲಂಡನ್ನಿನಲ್ಲಿ ಭೂವಿಜ್ಞಾನವನ್ನು ಅಭ್ಯಸಿಸಿದ ಟಿ. ಪಿ. ಕೈಲಾಸಂ ಅವರು ಆಡುಮಾತಿನ ನಗೆಯನ್ನು ಕನ್ನಡ ರಂಗಭೂಮಿಗೆ ತಂದರು. ಮಾಸ್ಟರ್ ಹಿರಣ್ಣಯ್ಯನವರು (1934–2019) ‘ಲಂಚಾವತಾರ’ ನಾಟಕದಲ್ಲಿ ಅಂದಂದಿನ ಸುದ್ದಿಯನ್ನೇ ಹಿಡಿದು ಹೊಸ ಮಾತುಗಳನ್ನು ಕಟ್ಟುತ್ತಿದ್ದರು. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ‘ಲೋಲ್‌ಬಾಗ್’ನಂತಹ ತಂಡಗಳ ಕಲಾವಿದರು ವೇಷವಿಲ್ಲದೆ, ಪರದೆಯಿಲ್ಲದೆ, ಒಬ್ಬೊಬ್ಬರಾಗಿ ನಿಂತು ಕನ್ನಡದಲ್ಲಿ ನಗಿಸುತ್ತ ಬಂದಿದ್ದಾರೆ. ‘ಸ್ಟ್ಯಾಂಡ್‌ಅಪ್’ ಎಂದು ಹೆಸರಾದ ಈ ಪ್ರದರ್ಶನಗಳು ಹಲವು ವೇಳೆ ನಲವತ್ತು ಐವತ್ತು ಕುರ್ಚಿಗಳ ಕೋಣೆಯಲ್ಲಿಯೇ ನಡೆಯುತ್ತವೆ.

ನಗರದ ಉತ್ತರಕ್ಕೆ, ಯಲಹಂಕದ ಬಳಿಯ ಸಿಂಗಾಪುರದಲ್ಲಿ ಅಂಥದೊಂದು ಕೋಣೆಯಿದೆಯೆಂದು ಊಹಿಸೋಣ. ಉದ್ದ 8 ಮೀಟರ್, ಅಗಲ 5, ಎತ್ತರ 3. ಎಂದರೆ ಘನಫಲ 120 ಘನ ಮೀಟರ್. ಬರಿಯ ಗೋಡೆಗಳಿಗೆ ತಗುಲಿದ ಶಬ್ದವು ಮತ್ತೆ ಮತ್ತೆ ಪ್ರತಿಫಲಿಸಿ ನಿಧಾನವಾಗಿ ಕ್ಷೀಣಿಸುತ್ತದೆ. ಇದೇ ಅನುರಣನ. ಶಬ್ದದ ತೀವ್ರತೆಯು ಹತ್ತು ಲಕ್ಷದಲ್ಲೊಂದು ಪಾಲಿಗೆ ಇಳಿಯಲು ಬೇಕಾಗುವ ಅವಧಿಗೆ ಅನುರಣನ ಕಾಲವೆಂದು ಹೆಸರು.

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಖ್ಯಾನ ಮಂದಿರವೊಂದರಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ. ಅದನ್ನು ಪರಿಶೀಲಿಸಲು ನಿಯುಕ್ತನಾದ ವ್ಯಾಲೇಸ್ ಸಬೈನ್, ಅಲ್ಲಿ ಅನುರಣನವು ಸುಮಾರು 5.5 ಸೆಕೆಂಡ್ ಇರುವುದನ್ನು ಕಂಡನು. ನಾಟಕಶಾಲೆಯೊಂದರ ಆಸನಗಳ ಮೆತ್ತೆಗಳನ್ನು ರಾತ್ರಿ ವೇಳೆ ತರಿಸಿ ಅಳೆದು, ಮೆತ್ತನೆಯ ವಸ್ತುಗಳೂ ಮನುಷ್ಯರೂ ಶಬ್ದವನ್ನು ಹೀರುವ ಪ್ರಮಾಣವನ್ನು ಕಂಡುಹಿಡಿದನು. ಅವನ ಸೂತ್ರವಿದು:

ಅನುರಣನ ಕಾಲ = 0.16 × ಘನಫಲ ÷ ಒಟ್ಟು ಹೀರಿಕೆ

ತೆರೆದ ಕಿಟಕಿಯ 1 ಚದರ ಮೀಟರನ್ನು ಹೀರಿಕೆಯ ಮಾನವೆಂದಿಟ್ಟುಕೊಂಡರೆ, ನಮ್ಮ ಬರಿಯ ಕೋಣೆಯ ಹೀರಿಕೆ ಸುಮಾರು 5. ಒಬ್ಬ ಮನುಷ್ಯನದು ಸುಮಾರು ಅರ್ಧ. ಲೆಕ್ಕ ಮಾಡಿದರೆ ಖಾಲಿ ಕೋಣೆಯಲ್ಲಿ ಅನುರಣನ 3.8 ಸೆಕೆಂಡ್, ಹತ್ತು ಜನ ಬಂದರೆ 1.9; ನಲವತ್ತು ಜನ ತುಂಬಿದರೆ 0.8. ಮಾತು ಸ್ಪಷ್ಟವಾಗಿ ಕೇಳದೆ ಹಾಸ್ಯ ಹುಟ್ಟದು. ಕಟ್ಟಕಡೆಯ ಒಂದು ಪದ ಮಸುಕಾದರೂ ಅದು ಕೆಟ್ಟಿತು. ಹೀಗೆ ಸಭಿಕನು ಬಾಯಿ ತೆರೆಯುವ ಮೊದಲೇ, ತನ್ನ ಮೈಯಿಂದಲೇ ಕಲಾವಿದನಿಗೆ ನೆರವಾಗುತ್ತಾನೆ.

ಇನ್ನು ನಗೆಯ ವಿಷಯ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ರಾಬರ್ಟ್ ಪ್ರೊವೈನ್ ಎಂಬ ವಿಜ್ಞಾನಿ ಜನರ ನಿತ್ಯ ಸಂಭಾಷಣೆಯಲ್ಲಿ ಬಂದ 1,200 ನಗೆಗಳನ್ನು ಗುರುತಿಸಿದನು. ಅವುಗಳಲ್ಲಿ ನಿಜವಾಗಿ ಹಾಸ್ಯವೆನ್ನಬಹುದಾದ ಮಾತಿಗೆ ಹುಟ್ಟಿದವು ನೂರಕ್ಕೆ ಇಪ್ಪತ್ತನ್ನು ಮೀರಲಿಲ್ಲ. ಪುಸ್ತಕ, ಟೆಲಿವಿಷನ್ ಮೊದಲಾದವುಗಳ ನೆರವಿಲ್ಲದೆ ಒಂಟಿಯಾಗಿರುವಾಗ ನಗುವುದಕ್ಕಿಂತ, ಜೊತೆಗಾರರಿದ್ದಾಗ ನಾವು ಸುಮಾರು 30 ಪಟ್ಟು ಹೆಚ್ಚು ನಗುತ್ತೇವೆಂದೂ ತಿಳಿದುಬಂದಿತು. ನಗೆಯು ಮೂಲತಃ ಒಬ್ಬರು ಮತ್ತೊಬ್ಬರಿಗೆ ಕೊಡುವ ಸ್ನೇಹದ ಸಂಕೇತ. ಆದುದರಿಂದಲೇ ಅದು ಆಕಳಿಕೆಯಂತೆ ಒಬ್ಬರಿಂದೊಬ್ಬರಿಗೆ ಹಬ್ಬುತ್ತದೆ.

ಹಬ್ಬಲು ಸಾಮೀಪ್ಯ ಬೇಕು. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಶಬ್ದದ ತೀವ್ರತೆ ಕಾಲುಭಾಗಕ್ಕಿಳಿಯುತ್ತದೆ. ಅರ್ಧ ಮೀಟರಿನಲ್ಲಿರುವ ನೆರೆಯವನ ನಗೆ 4 ಮೀಟರಿನಾಚೆ ಕುಳಿತವನಿಗೆ, ಗೋಡೆಯ ಪ್ರತಿಫಲನವನ್ನು ಬಿಟ್ಟರೆ, ಅರುವತ್ತನಾಲ್ಕರಲ್ಲೊಂದು ಪಾಲು ಮಾತ್ರ ತಲಪೀತು. ಇನ್ನೂರು ಕುರ್ಚಿಗಳ ಮಂದಿರದಲ್ಲಿ ನಲವತ್ತು ಜನ ಚದುರಿ ಕುಳಿತಾಗ ನಗೆಯ ಕಿಡಿಗಳು ಒಂದನ್ನೊಂದು ಹೊತ್ತಿಸದೆ ನಂದುವುದು ಇದರಿಂದಲೇ.

ಕಲಾವಿದನಿಗೂ ಈ ನಗೆ ದಾರಿದೀಪ. ಅದು ಏರಿ ಇಳಿಯತೊಡಗಿದಾಗ ಮುಂದಿನ ಮಾತನ್ನು ಎತ್ತುತ್ತಾನೆ. ಬಾರದಿದ್ದರೆ ದಾರಿ ಬದಲಿಸುತ್ತಾನೆ. 2020ರಲ್ಲಿ ಸಭೆಗಳು ನಿಂತು, ಕ್ಯಾಮರಾದೆದುರು ಮಾತನಾಡಬೇಕಾಗಿ ಬಂದ ಹಾಸ್ಯಗಾರರು ಕಳೆದುಕೊಂಡದ್ದು ಈ ಮಾರ್ಗದರ್ಶನವನ್ನೇ.

ಹೊಸಬನೊಬ್ಬನು ಮೊದಲ ಸಲ ನಗಿಸಲು ನಿಂತಾಗ, ಅವನು ಮತ್ತೆ ನಿಲ್ಲುವನೋ ಇಲ್ಲವೋ ಎಂಬುದು ಆ ಹತ್ತು ನಿಮಿಷಗಳಲ್ಲಿಯೇ ತೀರ್ಮಾನವಾಗಬಹುದು. ಆದುದರಿಂದ ಅಂಥ ಸಭೆಗೆ ಹೋದವರು ಹಿಂದಿನ ಮೂಲೆಯನ್ನು ಹುಡುಕದೆ, ಮುಂದಿನ ಸಾಲುಗಳಲ್ಲಿ ಒತ್ತಾಗಿ ಕುಳಿತುಕೊಳ್ಳಲಿ. ಹಾಸ್ಯದ ಅರ್ಧ ಭಾಗ ಅವರಲ್ಲಿಯೇ ಇದೆ.