ಉಗ್ರಾಣದ ಹಲಗೆಗೆ ತೊಡಗಿಸಿದ ಹಣ

ಗೃಹಕೃತ್ಯದ ಲೆಕ್ಕವನ್ನು ಶ್ರದ್ಧೆಯಿಂದ ಬರೆದಿಡುವ ಮನೆಗಳಲ್ಲಿಯೂ ಅಕ್ಕಿ, ಬೇಳೆ, ಎಣ್ಣೆಗಳಿಗೆ ಒಂದೊಂದು ಪುಟ ಮೀಸಲಾಗಿರುತ್ತದೆಯೇ ಹೊರತು, ಆ ಪದಾರ್ಥಗಳನ್ನು ಕೆಡದಂತೆ ಹೊತ್ತು ನಿಲ್ಲುವ ಹಲಗೆಗೂ ಕಂಬಕ್ಕೂ ಅಲ್ಲಿ ಸ್ಥಾನವಿರುವುದಿಲ್ಲ. ಹಲಗೆಗೆ ಕೊಟ್ಟ ಹಣವನ್ನು ಖರ್ಚಿನ ಪಟ್ಟಿಗೆ ಸೇರಿಸುವುದು ರೂಢಿ. ಅದನ್ನು ಮೂಲಧನವೆಂದು ಎಣಿಸತಕ್ಕದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಾರಣವಿಷ್ಟೆ: ಬ್ಯಾಡಗಿಯ ಮಾರುಕಟ್ಟೆಗೆ ಹೊಸ ಮೆಣಸಿನಕಾಯಿಯ ಭರಾಟೆ ಸಂಕ್ರಾಂತಿಯ ಆಸುಪಾಸಿನಿಂದ. ಕಲಬುರಗಿ ಸೀಮೆಯ ತೊಗರಿ ಕಣದಿಂದ ಹೊರಬೀಳುವುದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ. ಹುಣಿಸೆಹಣ್ಣು ಬೇಸಗೆಯ ಮೊದಲಲ್ಲಿ. ಸುಗ್ಗಿಯಲ್ಲಿ ಒಟ್ಟಿಗೆ ಕೊಂಡಿಡುವವನಿಗೂ ಶ್ರಾವಣದಲ್ಲಿ ಕಿಲೋ ಅರ್ಧ ಕಿಲೋ ತರುವವನಿಗೂ ಬಹುತೇಕ ವರ್ಷಗಳಲ್ಲಿ ದರದ ಅಂತರ ಬಿದ್ದೇ ಬೀಳುತ್ತದೆ. ಆದರೆ ಇಡಲು ಒಣಗಿದ ಎಡೆಯಿಲ್ಲದವನಿಗೆ, ಕೈಯಲ್ಲಿ ಹಣವಿದ್ದರೂ, ಸುಗ್ಗಿಯ ದರವು ದಕ್ಕುವಂತಿಲ್ಲ.

ಸಾಗರದ ನಮ್ಮ ಮನೆಯ ಉಗ್ರಾಣದಲ್ಲಿ ಹಿಂದಿನವರು ಗೋಡೆಗೆ ಸೇರಿಸಿ ಮಾಡಿದ ನಾಗಂದಿಗೆಯೊಂದಿದ್ದರೂ, ಮಿಡಿ ಉಪ್ಪಿನಕಾಯಿಯ ಭರಣಿಗಳೂ ಜೋನಿಬೆಲ್ಲದ ಡಬ್ಬಗಳೂ ಅದನ್ನು ತುಂಬಿಬಿಡುತ್ತಿದ್ದುದರಿಂದ, ಅಕ್ಕಿಯ ಚೀಲ ನೆಲದ ಮೇಲೆಯೇ ಉಳಿಯುತ್ತಿತ್ತು. ಮಲೆನಾಡಿನ ಮಳೆಗಾಲದಲ್ಲಿ ನೆಲಕ್ಕೆ ತಾಗಿದ ಧಾನ್ಯವು ತೇವವನ್ನು ಹೀರಿ ಮುಗ್ಗುವುದನ್ನು ಇಲ್ಲಿಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಆರಡಿ ಎತ್ತರ, ನಾಲ್ಕಡಿ ಉದ್ದ, ಒಂದಡಿ ಆಳ, ಐದು ಅಂತಸ್ತು: ಇಷ್ಟರ ಗಟ್ಟಿಮುಟ್ಟಾದ ಮರದ ಶೆಲ್ಫಿಗೆ ಅಂಗಡಿಯಲ್ಲಿ 9,500 ರೂಪಾಯಿ ಹೇಳಿದರು. ನಾನೇ ಮಾಡಿಕೊಳ್ಳುವುದೆಂದು ನಿಶ್ಚಯಿಸಿ ಸಾಮಿಲ್ಲಿಗೆ ಹೋದೆನು.

ಅಲ್ಲಿ ಮೊದಲು ನಿರ್ಧರಿಸಬೇಕಾದುದು ಮರದ ಜಾತಿ. ಸಾಗುವಾನಿಯೂ ಹೊನ್ನೆಯೂ ಉತ್ತಮವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಉಗ್ರಾಣದ ಕತ್ತಲಲ್ಲಿ ಡಬ್ಬಗಳ ಕೆಳಗೆ ಅಡಗಿರುವ ಹಲಗೆಗೆ ಸಾಗುವಾನಿಯ ಬೆಲೆಯನ್ನು ತೆರುವುದು ವಿವೇಕವಲ್ಲ. ಆಸ್ಟ್ರೇಲಿಯದ ಪೂರ್ವಭಾಗದಿಂದ ಬಂದು, ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ನೆರಳಿಗೆಂದು ನೆಲೆಯೂರಿ, ಕಾಳುಮೆಣಸಿನ ಬಳ್ಳಿಗೂ ಆಸರೆಯಾದ ಸಿಲ್ವರ್ ಓಕ್ ಮರವನ್ನು ನಾನು ಆರಿಸಿದೆನು. 1976ರ ಕರ್ನಾಟಕದ ಮರಗಳ ಸಂರಕ್ಷಣಾ ಕಾಯಿದೆಯಲ್ಲಿ, ಕಡಿಯಲು ಪೂರ್ವಾನುಮತಿ ಬೇಕಿಲ್ಲವೆಂದು ಬಿಟ್ಟಿರುವ ಜಾತಿಗಳಲ್ಲಿ ಇದೂ ಒಂದಾದುದರಿಂದ ಪೂರೈಕೆ ಸುಲಭ, ದರವೂ ಸೌಮ್ಯ. ನಾನು ಕೊಟ್ಟದ್ದು ಘನ ಅಡಿಗೆ 800 ರೂಪಾಯಿ. ಗೆದ್ದಲಿಗೆ ಇದು ಎದುರು ನಿಲ್ಲುವ ಮರವಲ್ಲ ಎಂಬುದನ್ನು ಮಾತ್ರ ಕೊಳ್ಳುವಾಗಲೇ ಅರಿತಿರಬೇಕು.

ಘನ ಅಡಿಯ ಲೆಕ್ಕವನ್ನು ಮಾಡಬಲ್ಲವನಿಗೆ ಸಾಮಿಲ್ಲಿನಲ್ಲಿ ಅರ್ಧ ಭಯ ಕಳೆದಂತೆ. ಉದ್ದವನ್ನು ಅಡಿಯಲ್ಲಿಯೂ ಅಗಲ ದಪ್ಪಗಳನ್ನು ಅಂಗುಲದಲ್ಲಿಯೂ ಅಳೆದು, ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಮುಗಿಯಿತು. ನಾಲ್ಕಡಿ ಉದ್ದ, ಹನ್ನೆರಡು ಅಂಗುಲ ಅಗಲ, ಒಂದು ಅಂಗುಲ ದಪ್ಪದ ಒಂದು ಅಂತಸ್ತಿಗೆ ಘನ ಅಡಿಯ ಮೂರನೆಯ ಒಂದು ಪಾಲು. ಎರಡಂಗುಲ ಚೌಕದ ಆರಡಿಯ ಒಂದು ಕಂಬಕ್ಕೆ ಆರನೆಯ ಒಂದು ಪಾಲು. ಬೆಲೆ ಕಟ್ಟುವುದು ಕೊಯ್ದ ಅಳತೆಗೆ. ರಂದ ಹೊಡೆಸಿದ ಮೇಲೆ ಒಂದಂಗುಲದ ಹಲಗೆ ಮುಕ್ಕಾಲು ಅಂಗುಲದ ಹತ್ತಿರಕ್ಕೆ ಬರುತ್ತದೆ. ಇದು ವ್ಯಾಪಾರದ ಪದ್ಧತಿಯೇ ಹೊರತು ವಂಚನೆಯಲ್ಲ. ಆದರೆ ತಿಳಿಯದೆ ಹೋದವನಿಗೆ ವಂಚನೆಯಂತೆ ತೋರುತ್ತದೆ. ಹನ್ನೆರಡು ಅಂಗುಲದ ಒಂಟಿ ಹಲಗೆಗೆ ಬದಲಾಗಿ ಆರಂಗುಲದ ಎರಡೆರಡನ್ನು ಸಣ್ಣ ಸಂದು ಬಿಟ್ಟು ಜೋಡಿಸುವುದು ಲೇಸು: ಕಿರಿದಾದ ಹಲಗೆ ಸುಲಭವಾಗಿ ದೊರೆಯುತ್ತದೆ, ಡೊಂಕಾಗುವುದು ಕಡಿಮೆ, ಸಂದಿನಲ್ಲಿ ಗಾಳಿಯಾಡುತ್ತದೆ.

ಮರ ಒಣಗಿದೆಯೇ ಎಂಬುದನ್ನು ಮಾತಿನಿಂದಲ್ಲ, ತೂಕದಿಂದ ತಿಳಿಯಬೇಕು. ಹಲಗೆಯೊಂದರ ತುದಿಯಿಂದ ಗೇಣುದ್ದದ ತುಂಡನ್ನು ಕೊಯ್ದು, ಪರಿಚಯದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ, ತೂಕವನ್ನು ಪೆನ್ಸಿಲಿನಿಂದ ಅದರ ಮೈಮೇಲೆಯೇ ಬರೆದು, ನೆರಳಿನಲ್ಲಿ ಗಾಳಿಗಿಟ್ಟು ವಾರ ಕಳೆದ ಮೇಲೆ ಮತ್ತೆ ತೂಗಿದೆನು. ಇಳಿದಿತ್ತು. ಉಳಿದ ಹಲಗೆಗಳ ನಡುನಡುವೆ ರೀಪಿನ ತುಂಡುಗಳನ್ನಿಟ್ಟು ಒಟ್ಟಿ, ಆ ತುಂಡಿನ ತೂಕವು ವಾರದಿಂದ ವಾರಕ್ಕೆ ಒಂದೇ ಆಗಿ ನಿಲ್ಲುವವರೆಗೂ ಕಾದೆನು. ಕಾಯುವುದಕ್ಕೆ ಕಾಸಿನ ಖರ್ಚಿಲ್ಲ. ಹಸಿಮರದಲ್ಲಿ ಮಾಡಿದ ಕಪಾಟಿನ ಬೆಸುಗೆ ಬಿರಿದ ಮೇಲೆ ಅದನ್ನು ಸರಿಪಡಿಸುವುದಕ್ಕೆ ಉಂಟು.

ಇನ್ನು, ಹಣದ ದೃಷ್ಟಿಯಿಂದ ಈ ಕೆಲಸದಲ್ಲಿ ಅತ್ಯಂತ ಮುಖ್ಯವಾದ ವಿಚಾರಕ್ಕೆ ಬರುತ್ತೇನೆ. ಹಲಗೆ ಬಾಗಬಾರದೆಂದರೆ ದಪ್ಪನಾದುದನ್ನು ಕೊಳ್ಳಬೇಕೆಂದು ಜನ ಭಾವಿಸುತ್ತಾರೆ. ಭಾರವೂ ಅಗಲವೂ ಒಂದೇ ಆಗಿರುವಾಗ ದಪ್ಪವನ್ನು ಇಮ್ಮಡಿಸಿದರೆ ಬಾಗು ಎಂಟನೆಯ ಒಂದು ಪಾಲಿಗೆ ಇಳಿಯುವುದು ನಿಜ. ಆದರೆ ಆಧಾರದಿಂದ ಆಧಾರಕ್ಕಿರುವ ಅಂತರವನ್ನು ಅರ್ಧಕ್ಕಿಳಿಸಿದರೂ ಅದೇ ಎಂಟನೆಯ ಒಂದು ಪಾಲು. ಫಲವೊಂದೇ, ಬೆಲೆ ಬೇರೆ. ನನ್ನ ಐದು ಅಂತಸ್ತುಗಳ ದಪ್ಪವನ್ನು ಇಮ್ಮಡಿಸಲು ಇನ್ನೂ ಒಂದೂ ಮೂರನೆಯ ಎರಡು ಘನ ಅಡಿ, ಎಂದರೆ ಸುಮಾರು 1,330 ರೂಪಾಯಿಯ ಮರ ಬೇಕಾಗುತ್ತಿತ್ತು. ನಡುವೆ ಮುಂದೊಂದು ಹಿಂದೊಂದು ಕಂಬ ನಿಲ್ಲಿಸಿ, ಅವುಗಳಿಗೆ ಅಂತಸ್ತಿಗೊಂದರಂತೆ ಅಡ್ಡಪಟ್ಟಿ ಕೊಡುವುದಕ್ಕೆ ತಗಲಿದುದು ಸುಮಾರು 320 ರೂಪಾಯಿ. ಸಾವಿರಕ್ಕೂ ಮೇಲ್ಪಟ್ಟ ಈ ಉಳಿತಾಯವು ಕೇವಲ ಕಂಬವನ್ನು ಎಲ್ಲಿ ನಿಲ್ಲಿಸಬೇಕೆಂಬ ಯೋಚನೆಯಿಂದ ಬಂದದ್ದು. ಭಾರವನ್ನು ವರ್ಷಗಟ್ಟಲೆ ಹೊತ್ತ ಮರ ಮೆಲ್ಲಮೆಲ್ಲಗೆ ಇನ್ನಷ್ಟು ಬಾಗುತ್ತದೆ, ಭಾರವನ್ನಿಳಿಸಿದ ಮೇಲೂ ಪೂರ್ತಿ ನೆಟ್ಟಗಾಗುವುದಿಲ್ಲ. ಆದಕಾರಣ ಮೊದಲ ದಿನ ನೇರವಾಗಿ ಕಂಡಿತೆಂದು ಅಂತರವನ್ನು ಹಿಗ್ಗಿಸಬಾರದು.

ಜೋಡಣೆಯ ವಿಷಯದಲ್ಲಿ, ನಮ್ಮ ಕೇರಿಯ ವೃದ್ಧ ಆಚಾರಿಯೊಬ್ಬರು ಜಗುಲಿಯ ಮೇಲೆ ಕುಳಿತು ಹೇಳಿದ ಮಾತನ್ನು ಹಾಗೆಯೇ ಪಾಲಿಸಿದೆನು: "ಹೆಗಡೇರೆ, ಸ್ಕ್ರೂ ಇರೋದು ಹಿಡ್ಕೊಳ್ಳೋದಕ್ಕೆ. ಹೊರೋದಕ್ಕೆ ಕೆಳಗೆ ಮರ ಕೊಡಿ." ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಎರಡಂಗುಲದ ಅಡ್ಡಪಟ್ಟಿಯನ್ನು ಹಾಯಿಸುವಾಗ, ಪಟ್ಟಿ ಕೂರುವೆಡೆಯಲ್ಲಿ ಕಂಬವನ್ನು ಉಳಿಯಿಂದ ಕಾಲಂಗುಲದಷ್ಟು ಕೆತ್ತಿ ಕಚ್ಚು ಮಾಡಿದರೆ, ಭಾರವೆಲ್ಲ ಪಟ್ಟಿಯಿಂದ ನೇರವಾಗಿ ಕಂಬದ ಮರಕ್ಕೆ ಇಳಿಯುತ್ತದೆ. ಸ್ಕ್ರೂವಿಗೆ ಮೊದಲೇ ಸಣ್ಣ ತೂತು ಕೊರೆದು, ಸ್ಕ್ರೂವಿನ ಸುತ್ತುಗಳಿಗೆ ಸಾಬೂನು ಸವರಿದರೆ ಮರ ಸೀಳುವುದಿಲ್ಲ. ಇಷ್ಟಾದರೂ ಚೌಕಟ್ಟು ಪಕ್ಕಕ್ಕೆ ಓಲಾಡುತ್ತದೆ. ಅದಕ್ಕೆ ಬೆನ್ನ ಕಡೆ ಮೂಲೆಯಿಂದ ಮೂಲೆಗೆ ಎರಡು ಓರೆಪಟ್ಟಿಗಳನ್ನು ಕೊಡಬೇಕು. ಕೊಡುವ ಮೊದಲು ಎರಡು ಕರ್ಣಗಳನ್ನೂ ದಾರ ಹಿಡಿದು ಅಳೆದು, ಅವು ಸಮನಾಗುವವರೆಗೆ ಚೌಕಟ್ಟನ್ನು ಕೈಯಿಂದ ಒತ್ತುತ್ತ ಬಂದು, ಸಮನಾದ ಕ್ಷಣದಲ್ಲಿ ಸ್ಕ್ರೂ ಬಿಗಿದಾಗ, ಅದುವರೆಗೆ ಕೈಗೆ ಸಡಿಲವಾಗಿದ್ದ ಇಡಿಯ ಕಟ್ಟಡವು ಒಮ್ಮೆಲೇ ನಿಶ್ಚಲವಾಗುವುದನ್ನು ಅನುಭವಿಸಿಯೇ ತಿಳಿಯಬೇಕು.

ಕಂಬಗಳ ಕೆಳಗೆ ಕಲ್ಲಿನ ಬಿಲ್ಲೆಗಳು, ಪಾದಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ (ಚರ್ಮ ಸುಡುವ ಪದಾರ್ಥವಾದುದರಿಂದ ಕೈಗವಸು ಅವಶ್ಯ), ಗೋಡೆಗೂ ಶೆಲ್ಫಿಗೂ ನಡುವೆ ಎರಡು ಬೆರಳಿನ ತೆರಪು, ಹಲಗೆಗಳಿಗೆ ಅಗಸೆ ಎಣ್ಣೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಎಸೆಯಬಾರದು, ತಾನೇ ಕಾದು ಹೊತ್ತಿಕೊಳ್ಳಬಲ್ಲುದು. ಬಿಡಿಸಿ ಹರವಿ ಒಣಗಿಸಬೇಕು.

ಪೋಲಾಗುವ ತುಂಡುಗಳೂ ಸೇರಿ ಮೂರೂವರೆ ಘನ ಅಡಿ ಮರಕ್ಕೆ 2,800. ರಂದ, ಸ್ಕ್ರೂ, ಮರಳು ಕಾಗದ, ಎಣ್ಣೆಗಳಿಗೆ 900. ಒಟ್ಟು 3,700 ರೂಪಾಯಿ. ಗರಗಸ, ಉಳಿ, ಮೂಲೆಮಟ್ಟಗಳು ಮನೆಯಲ್ಲಿದ್ದವು. ಅವೂ ಇಲ್ಲದವರು ಆ ಬೆಲೆಯನ್ನು ಸೇರಿಸಿಕೊಳ್ಳಬೇಕು, ಬಿಡುವಿಲ್ಲದವರು ಆಚಾರಿಯ ಕೂಲಿಯನ್ನು ಸೇರಿಸಿಕೊಳ್ಳಬೇಕು. ಬಯಲುಸೀಮೆಯ ಒಣ ಹವೆಯಲ್ಲಿ, ಅಗ್ಗವೊಂದನ್ನೇ ಗಣಿಸುವವರಿಗೆ, ತೂತುಗಳಿರುವ ಕಬ್ಬಿಣದ ಆಂಗಲ್‌ಗಳ ರ್‍ಯಾಕು ತೃಪ್ತಿಕರವಾದೀತೆಂದು ಒಪ್ಪುತ್ತೇನೆ. ನಮ್ಮ ಮಳೆಗಾಲದಲ್ಲಿ ಅದರ ಬಣ್ಣ ಎದ್ದಲ್ಲೆಲ್ಲ ತುಕ್ಕು ಹಿಡಿಯುತ್ತದೆ. ಸುಗ್ಗಿಯ ಖರೀದಿಯಿಂದ ವರ್ಷಕ್ಕೆ 1,000 ರೂಪಾಯಿ ಉಳಿದರೂ ಈ ಮೂಲಧನಕ್ಕೆ ನೂರಕ್ಕೆ ಇಪ್ಪತ್ತೇಳರ ಪ್ರತಿಫಲ ಬಂದಂತಾಯಿತು. ಆದರೆ ಸ್ಥಳವಿದೆಯೆಂದು ಮನೆ ತಿನ್ನುವುದಕ್ಕಿಂತ ಅಧಿಕವಾಗಿ ತುಂಬುವವನಿಗೆ ಈ ಲೆಕ್ಕ ಅನ್ವಯಿಸದು: ಬೇಳೆಗೆ ಹುಳು ಬೀಳುತ್ತದೆ, ಮೆಣಸಿನಕಾಯಿಯ ಬಣ್ಣ ಮಾಸುತ್ತದೆ, ಹಣವೂ ಅಲ್ಲಿಯೇ ಸಿಕ್ಕಿಬೀಳುತ್ತದೆ.

ಪುಸ್ತಕಗಳಿಗಾಗಿ ಇದೇ ಮಾದರಿಯನ್ನು ಅನುಸರಿಸುವವರು ಒಂದು ಮಾತನ್ನು ಗಮನಿಸಬೇಕು. ಸಾಲಾಗಿ ಜೋಡಿಸಿದ ಪುಸ್ತಕಗಳು ಅಡಿಯೊಂದಕ್ಕೆ ಹತ್ತು ಕಿಲೋ ತೂಗುವುದು ಸಾಮಾನ್ಯ. ನಿಘಂಟುಗಳಾದರೆ ಇನ್ನೂ ಹೆಚ್ಚು. ದಿನಸಿಯ ಡಬ್ಬ ತಿಂಗಳು ತಿಂಗಳಿಗೆ ಹಗುರವಾಗುತ್ತದೆ, ಪುಸ್ತಕ ಆಗುವುದಿಲ್ಲ. ಆದುದರಿಂದ ಅಲ್ಲಿ ಕಂಬದಿಂದ ಕಂಬಕ್ಕೆ ಎರಡಡಿಯನ್ನು ಮೀರದಿರುವುದು ಒಳ್ಳೆಯದು. ಆಳವನ್ನು ಒಂದಡಿಯಿಂದ ಒಂಬತ್ತು ಅಂಗುಲಕ್ಕೆ ಇಳಿಸಿದರೆ ಹಲಗೆಯ ಮರದಲ್ಲಿ ಕಾಲುಭಾಗ ಉಳಿದು, ಹೆಚ್ಚಿನ ಕಂಬಗಳ ಬೆಲೆ ಅದರಲ್ಲಿಯೇ ಬಹುಮಟ್ಟಿಗೆ ಹೊರಡುತ್ತದೆ.