ಗ್ರಾಮ ಪಂಚಾಯಿತಿಯೂ ಒಂದು ಕೆಲಸದ ಸ್ಥಳ: ಮಹಿಳಾ ಸಿಬ್ಬಂದಿಯ ಸುರಕ್ಷತೆ ಮತ್ತು ಸದಸ್ಯರ ಹೊಣೆ

ಪಾಠದ ಉದ್ದೇಶ: ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ (ತಡೆ, ನಿಷೇಧ ಮತ್ತು ಪರಿಹಾರ) ಅಧಿನಿಯಮ, 2013ರ ಮುಖ್ಯಾಂಶಗಳನ್ನು ಚುನಾಯಿತ ಪ್ರತಿನಿಧಿಗಳಿಗೆ ಪರಿಚಯಿಸುವುದು.

1. ಹಿನ್ನೆಲೆ

ಈ ಕಾನೂನು ನಗರದ ಕಚೇರಿಗಳಿಗೆ ಮಾತ್ರ ಸಂಬಂಧಿಸಿದ್ದೆಂಬ ಭಾವನೆ ವ್ಯಾಪಕವಾಗಿದೆ. ಆದರೆ ಇದರ ಮೂಲ ಒಂದು ಹಳ್ಳಿಯಲ್ಲಿದೆ. ರಾಜಸ್ಥಾನದ ಭಟೇರಿ ಗ್ರಾಮದ ಭಂವರಿ ದೇವಿಯವರು ರಾಜ್ಯ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ಗ್ರಾಮಮಟ್ಟದ ಕಾರ್ಯಕರ್ತೆಯಾಗಿದ್ದರು. ಬಾಲ್ಯವಿವಾಹ ತಡೆಯುವ ಕರ್ತವ್ಯ ನಿರ್ವಹಿಸಿದ ಕಾರಣಕ್ಕೆ 1992ರಲ್ಲಿ ಅವರು ದೌರ್ಜನ್ಯಕ್ಕೊಳಗಾದರೆಂಬ ಪ್ರಕರಣವು ವಿಶಾಖಾ ಅರ್ಜಿಗೆ ಪ್ರೇರಣೆಯಾಯಿತು. 1997ರಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ಮಾರ್ಗಸೂಚಿಗಳೇ 2013ರ ಅಧಿನಿಯಮಕ್ಕೆ ತಳಹದಿ.

2. ಯಾರಿಗೆ ಅನ್ವಯ?

ಸ್ಥಳೀಯ ಪ್ರಾಧಿಕಾರದ ಕಚೇರಿಯೂ ಅಧಿನಿಯಮದ ಪ್ರಕಾರ ಕೆಲಸದ ಸ್ಥಳವಾಗಿದೆ. ಕಾಯಂ, ತಾತ್ಕಾಲಿಕ, ದಿನಗೂಲಿ, ಗುತ್ತಿಗೆದಾರರ ಮೂಲಕ ಬಂದವರು, ಸ್ವಯಂಸೇವಕರು ಎಲ್ಲರೂ ಉದ್ಯೋಗಿಗಳೇ. ಆದ್ದರಿಂದ ಡಾಟಾ ಎಂಟ್ರಿ ಆಪರೇಟರ್, ಸ್ವಚ್ಛತಾ ಸಿಬ್ಬಂದಿ, ಗ್ರಂಥಾಲಯ ಮೇಲ್ವಿಚಾರಕಿ, ಕಸದ ವಾಹನ ಚಲಾಯಿಸುವ ಸ್ವಸಹಾಯ ಸಂಘದ ಮಹಿಳೆ ಇವರೆಲ್ಲರನ್ನೂ ಗಮನದಲ್ಲಿಡಬೇಕು. ಕೆಲಸದ ನಿಮಿತ್ತ ಹೋಗುವ ಬೀದಿ, ಕಾಮಗಾರಿ ಸ್ಥಳ, ಉದ್ಯೋಗದಾತರು ಒದಗಿಸಿದ ವಾಹನ ಸಹ ಕೆಲಸದ ಸ್ಥಳದ ವ್ಯಾಪ್ತಿಗೆ ಬರುತ್ತವೆ.

3. ಕಿರುಕುಳ ಎಂದರೇನು?

ಇಷ್ಟವಿಲ್ಲದ ದೈಹಿಕ ಸ್ಪರ್ಶ, ಲೈಂಗಿಕ ಬೇಡಿಕೆ, ಅಶ್ಲೀಲ ಅರ್ಥದ ಮಾತು, ಅಶ್ಲೀಲ ಚಿತ್ರ ಅಥವಾ ವಿಡಿಯೊ ತೋರಿಸುವುದು, ಇಂತಹ ಇತರ ಯಾವುದೇ ಅನಪೇಕ್ಷಿತ ವರ್ತನೆ. "ಹೇಳಿದಂತೆ ಕೇಳದಿದ್ದರೆ ಕೆಲಸ ಉಳಿಯದು" ಎಂಬ ನೇರ ಅಥವಾ ಪರೋಕ್ಷ ಬೆದರಿಕೆ ಇಂತಹ ವರ್ತನೆಯೊಂದಿಗೆ ಸೇರಿದ್ದರೆ ಅದೂ ಕಿರುಕುಳವೇ. "ತಮಾಷೆಗೆ ಅಂದದ್ದು" ಎಂಬ ಸಮಜಾಯಿಷಿಯಿಂದ ವಿಷಯ ಮುಗಿಯುವುದಿಲ್ಲ. ಆ ಮಾತು ಮಹಿಳೆಗೆ ಇಷ್ಟವಿತ್ತೇ ಎಂಬುದೇ ಇಲ್ಲಿ ಮುಖ್ಯ.

4. ದೂರು ಯಾರಿಗೆ?

10 ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಕಡ್ಡಾಯ. ಹಿರಿಯ ಮಹಿಳಾ ಉದ್ಯೋಗಿ ಅದರ ಅಧ್ಯಕ್ಷೆಯಾಗಿರಬೇಕು. ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು. ಹೊರಗಿನ ಸದಸ್ಯರೊಬ್ಬರು ಇರಬೇಕು. 10ಕ್ಕಿಂತ ಕಡಿಮೆ ಸಿಬ್ಬಂದಿ ಇದ್ದರೆ, ಅಥವಾ ದೂರು ಉದ್ಯೋಗದಾತರ ವಿರುದ್ಧವೇ ಇದ್ದರೆ, ಅದು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ತಾಲ್ಲೂಕು ಮಟ್ಟದ ನೋಡಲ್ ಅಧಿಕಾರಿಯು ದೂರು ಸ್ವೀಕರಿಸಿ 7 ದಿನಗಳೊಳಗೆ ಆ ಸಮಿತಿಗೆ ಕಳುಹಿಸಬೇಕು. ಹೀಗಾಗಿ ಮಹಿಳೆಯು ಜಿಲ್ಲಾ ಕೇಂದ್ರಕ್ಕೆ ಅಲೆಯಬೇಕಾಗಿಲ್ಲ.

ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ನೀಡಬೇಕು. ಸಕಾರಣವಿದ್ದರೆ ಸಮಿತಿಯು ಇನ್ನೂ 3 ತಿಂಗಳು ವಿಸ್ತರಿಸಬಹುದು. ಬರೆಯಲು ಬಾರದವರಿಗೆ ಬರೆದುಕೊಡಲು ಸಮಿತಿ ನೆರವಾಗಬೇಕು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಶಿಫಾರಸಿನ ಮೇಲೆ 60 ದಿನಗಳಲ್ಲಿ ಕ್ರಮವಾಗಬೇಕು.

5. ಸದಸ್ಯರು ಎಡವುವ ಜಾಗ

ಒಂದು ಸಂದರ್ಭವನ್ನು ಊಹಿಸೋಣ. ಕಸದ ವಾಹನದ ಚಾಲಕಿಯೊಬ್ಬರು ವಾರ್ಡಿನ ಸದಸ್ಯರೊಬ್ಬರ ಬಳಿ ಬಂದು, ಪಂಚಾಯಿತಿಯ ಸಿಬ್ಬಂದಿಯೊಬ್ಬರು ಪದೇ ಪದೇ ಅಸಭ್ಯವಾಗಿ ಮಾತನಾಡುತ್ತಿದ್ದಾರೆಂದು ತಿಳಿಸುತ್ತಾರೆ. ಸದಸ್ಯರು ಒಳ್ಳೆಯ ಮನಸ್ಸಿನಿಂದಲೇ ವಿಷಯವನ್ನು ಸಾಮಾನ್ಯ ಸಭೆಯಲ್ಲಿ ಪ್ರಸ್ತಾಪಿಸುತ್ತಾರೆ, ಅಥವಾ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುತ್ತಾರೆ. ಈ ಎರಡೂ ಮಾರ್ಗಗಳು ತಪ್ಪು. ಸಭೆಯಲ್ಲಿ ಹೆಸರು ಹೊರಬಿದ್ದರೆ ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತದೆ. ಬಹುಮಟ್ಟಿಗೆ ಕೆಲಸ ಬಿಡುವವರು ದೂರು ಕೊಟ್ಟವರೇ ಆಗುತ್ತಾರೆ. ಮುಂದೆ ಬೇರೆ ಯಾವ ಮಹಿಳೆಯೂ ಬಾಯಿ ಬಿಡುವುದಿಲ್ಲ.

ದೂರುದಾರರು, ಆರೋಪಿ ಮತ್ತು ಸಾಕ್ಷಿಗಳ ಗುರುತನ್ನು ಬಹಿರಂಗಪಡಿಸುವುದನ್ನು ಅಧಿನಿಯಮ ನಿಷೇಧಿಸುತ್ತದೆ. ರಾಜಿ ಸಂಧಾನವು ಮಹಿಳೆಯೇ ಕೋರಿದಾಗ, ಸಮಿತಿಯ ಮೂಲಕ, ವಿಚಾರಣೆಗೆ ಮುನ್ನ ಮಾತ್ರ ಸಾಧ್ಯ. ಹಣ ಕೊಟ್ಟು ಮುಗಿಸುವುದಕ್ಕೆ ಅವಕಾಶವಿಲ್ಲ. ಸದಸ್ಯರ ಕೆಲಸ ತೀರ್ಪು ಕೊಡುವುದಲ್ಲ. ಕಿವಿಗೊಟ್ಟು ಕೇಳಿ, ಸಮಿತಿಯ ದಾರಿ ತೋರಿಸಿ, ಗುಟ್ಟು ಕಾಯುವುದು.

ಆರೋಪಿಯ ಹಕ್ಕಿಗೂ ರಕ್ಷಣೆಯಿದೆ. ಎರಡೂ ಕಡೆಯವರ ಮಾತು ಕೇಳಬೇಕು. ದುರುದ್ದೇಶದಿಂದ ಸುಳ್ಳು ದೂರು ನೀಡಿದರೆ ಕ್ರಮವುಂಟು. ಆದರೆ ಸಾಕ್ಷ್ಯ ಒದಗಿಸಲಾಗದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ.

6. ಪಂಚಾಯಿತಿಯು ಕೈಗೊಳ್ಳಬೇಕಾದ ಕ್ರಮಗಳು

(ಅ) ಗುತ್ತಿಗೆ ಮತ್ತು ದಿನಗೂಲಿಯವರನ್ನೂ ಸೇರಿಸಿ ಸಿಬ್ಬಂದಿಯನ್ನು ಎಣಿಸುವುದು. ಸಂಖ್ಯೆ 10 ಮುಟ್ಟಿದರೆ ಲಿಖಿತ ಆದೇಶದಿಂದ ಆಂತರಿಕ ಸಮಿತಿ ರಚಿಸುವುದು.
(ಆ) ಸಮಿತಿ ಅಥವಾ ನೋಡಲ್ ಅಧಿಕಾರಿಯ ವಿವರ ಹಾಗೂ ಕಿರುಕುಳದ ಶಿಕ್ಷಾ ಪರಿಣಾಮಗಳನ್ನು ಎದ್ದು ಕಾಣುವಂತೆ ಕಚೇರಿಯಲ್ಲಿ ಪ್ರದರ್ಶಿಸುವುದು.
(ಇ) ನಿಯತವಾಗಿ ಅರಿವು ಕಾರ್ಯಕ್ರಮ ನಡೆಸುವುದು. ಓದಲು ಬಾರದವರಿಗೆ ಬಾಯಿಮಾತಿನಲ್ಲಿ ವಿವರಿಸುವುದು.
(ಈ) ಮಹಿಳೆಯು ಪೊಲೀಸ್ ದೂರು ನೀಡಬಯಸಿದರೆ ನೆರವಾಗುವುದು.

ಸಮಿತಿ ರಚಿಸದ ಉದ್ಯೋಗದಾತರಿಗೆ 50,000 ರೂಪಾಯಿವರೆಗೆ ದಂಡವಿದೆ. ಆದರೆ ದಂಡಕ್ಕಿಂತ ದೊಡ್ಡ ನಷ್ಟವೆಂದರೆ ಊರಿನ ಮಹಿಳೆಗೆ ಪಂಚಾಯಿತಿಯ ಮೇಲಿನ ನಂಬಿಕೆ ಹೋಗುವುದು.

ಚರ್ಚೆಗೆ: ನಿಮ್ಮ ಪಂಚಾಯಿತಿಯಲ್ಲಿ ಎಲ್ಲ ಬಗೆಯ ಸಿಬ್ಬಂದಿ ಸೇರಿ ಎಷ್ಟು ಮಂದಿ? ತಾಲ್ಲೂಕಿನ ನೋಡಲ್ ಅಧಿಕಾರಿ ಯಾರೆಂದು ಕಸದ ವಾಹನದ ಚಾಲಕಿಗೆ ಗೊತ್ತಿದೆಯೇ?